ದೇಶ ಆರಿಸುವಾಗ ಮೊದಲು ನೋಡಬೇಕಾದ್ದು ಜೊತೆಗೆ ಬರುವವರ ವೀಸಾ

ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ, ಯಾವ ದೇಶಕ್ಕೆ ಹೋಗಬೇಕೆಂಬ ಲೆಕ್ಕವನ್ನು ಕೆಲಸ ಸಿಕ್ಕವರ ಸಂಬಳದಿಂದ ಶುರು ಮಾಡಬೇಡಿ. ಜೊತೆಗೆ ಹೋಗುವವರಿಗೆ ಆ ದೇಶ ಕೆಲಸ ಮಾಡಲು ಬಿಡುತ್ತದೆಯೇ, ಬಿಟ್ಟರೆ ಯಾವ ದಿನದಿಂದ, ಯಾವ ಷರತ್ತಿನ ಮೇಲೆ ಎಂಬುದನ್ನು ಮೊದಲು ನೋಡಿ. ನಾವು ಮಾಡಿದ್ದು ಹಾಗೆಯೇ. ಒಬ್ಬರದು ಸಾಫ್ಟ್‌ವೇರ್, ಇನ್ನೊಬ್ಬರದು ನರ್ಸಿಂಗ್. ಒಂದು ಹಾಳೆಯಲ್ಲಿ ದೇಶಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಡಿಪೆಂಡೆಂಟ್ ವೀಸಾದ ನಿಯಮವನ್ನು ಆ ದೇಶದ ವಲಸೆ ಇಲಾಖೆಯ ವೆಬ್‌ಸೈಟಿನಿಂದಲೇ ಓದಿ, ಓದಿದ ತಾರೀಖಿನ ಸಮೇತ ತುಂಬಿದೆವು. ತಾರೀಖು ಬರೆಯಲೇಬೇಕು, ಯಾಕೆಂದರೆ ಈ ನಿಯಮಗಳು ಆಗಾಗ ಬದಲಾಗುತ್ತವೆ.

ಆ ಒಂದು ಕಾಲಮ್ಮಿನಲ್ಲೇ ಅರ್ಧ ಪಟ್ಟಿ ಖಾಲಿಯಾಗುತ್ತದೆ. ಅಮೆರಿಕದಲ್ಲಿ ಎಚ್-1ಬಿ ಇದ್ದವರ ಸಂಗಾತಿಗೆ ಸಿಗುವುದು ಎಚ್-4. ಅದರಲ್ಲಿ ದುಡಿಯಬೇಕಾದರೆ ಸಾಮಾನ್ಯವಾಗಿ ಮೊದಲನೆಯವರ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿರಬೇಕು, ಆಮೇಲೆ ಕೆಲಸದ ಪರವಾನಗಿ ಕೇಳಬೇಕು. ಅದೇ ಕಂಪನಿಯೊಳಗಿನ ವರ್ಗಾವಣೆಯ ಎಲ್-1 ಮೇಲೆ ಹೋದರೆ ಎಲ್-2 ಸಂಗಾತಿಗೆ ಬೇರೆ ಪರವಾನಗಿಯೇ ಬೇಡ. ಒಂದೇ ದೇಶ, ವೀಸಾದ ಅಕ್ಷರ ಬದಲಾದರೆ ಸಂಗಾತಿಯ ಬದುಕೇ ಬದಲಾಗುತ್ತದೆ. ಸಿಂಗಪುರದಲ್ಲಿ 2021ರ ಮೇ ತಿಂಗಳಿಂದ ಡಿಪೆಂಡೆಂಟ್ ಪಾಸ್ ಇದ್ದವರು ಕೆಲಸಕ್ಕೆ ಸೇರಲು ತಮ್ಮದೇ ವರ್ಕ್ ಪಾಸ್ ಪಡೆಯಬೇಕು. ಜಪಾನಿನಲ್ಲಿ ಸಂಗಾತಿಗೆ ಅನುಮತಿ ಪಡೆದರೂ ವಾರಕ್ಕೆ 28 ಗಂಟೆಯಷ್ಟೇ ಮಿತಿ. ಕೆನಡಾ 2025ರ ಜನವರಿಯಲ್ಲಿ ಸಂಗಾತಿಯ ಓಪನ್ ವರ್ಕ್ ಪರ್ಮಿಟನ್ನು, ಅಂದರೆ ಯಾವುದೇ ಒಂದು ಕಂಪನಿಗೆ ಕಟ್ಟಿಹಾಕದ ಪರವಾನಗಿಯನ್ನು, ಬಿಗಿಮಾಡಿತು. ಮೊದಲನೆಯವರ ಕೆಲಸ ಮೇಲಿನ ದರ್ಜೆಯದಾಗಿರಬೇಕು, ಅವರ ಪರ್ಮಿಟಿನಲ್ಲಿ ಕನಿಷ್ಠ 16 ತಿಂಗಳು ಬಾಕಿ ಇರಬೇಕು.

ಇನ್ನೊಂದು ಕಡೆ ನುರಿತ ಕೆಲಸಗಾರರಿಗೆಂದು ಇರುವ ಜರ್ಮನಿಯ ಬ್ಲೂ ಕಾರ್ಡ್, ಐರ್ಲೆಂಡಿನ ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್, ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾ ಇವೆ. ಇವುಗಳಲ್ಲಿ ಸಂಗಾತಿ ಬೇರೆ ವರ್ಕ್ ಪರ್ಮಿಟ್ ಇಲ್ಲದೆ ಕೆಲಸಕ್ಕೆ ಸೇರಬಹುದು. ನೆದರ್‌ಲ್ಯಾಂಡ್ಸ್‌ನಲ್ಲೂ ಹಾಗೆಯೇ, ಅಲ್ಲಿ ಉನ್ನತ ಕೌಶಲ್ಯದ ವಲಸಿಗರ ಸಂಗಾತಿಯ ರೆಸಿಡೆನ್ಸ್ ಕಾರ್ಡಿನ ಮೇಲೇ ‘ಆರ್ಬೈಟ್ ವ್ರೈ ತುಗೆಸ್ತಾನ್’ ಎಂದು ಅಚ್ಚಾಗಿರುತ್ತದೆ. ಕೆಲಸಕ್ಕೆ ಅಡ್ಡಿಯಿಲ್ಲ ಎಂದರ್ಥ. ಕಂಪನಿಯ ಎಚ್.ಆರ್. ಕೇಳಿದಾಗ ತೋರಿಸಬೇಕಾದ್ದು ಆ ಒಂದು ಸಾಲು.

ವೀಸಾದ ಕಾನೂನು ಒಪ್ಪಿದರೆ ಸಾಕಾಗುವುದಿಲ್ಲ, ವೃತ್ತಿಯ ನಿಯಮವೂ ಒಪ್ಪಬೇಕು. ಸಾಫ್ಟ್‌ವೇರ್ ಕೆಲಸಕ್ಕೆ ಸಾಮಾನ್ಯವಾಗಿ ಲೈಸೆನ್ಸ್ ಬೇಡ. ನರ್ಸು, ವೈದ್ಯರು, ವಕೀಲರು, ಶಾಲಾ ಶಿಕ್ಷಕರಿಗೆ ಬೇಕು. ಜರ್ಮನಿಯಲ್ಲಿ ನರ್ಸ್ ಆಗಿ ನೋಂದಾಯಿಸಲು ಸಾಮಾನ್ಯವಾಗಿ ಬಿ2, ಅಂದರೆ ಮಧ್ಯಮಕ್ಕಿಂತ ಮೇಲಿನ ಮಟ್ಟದ ಜರ್ಮನ್ ಬೇಕು. ಓದಿದ ಪಠ್ಯಕ್ಕೂ ಅವರ ಪಠ್ಯಕ್ಕೂ ಅಂತರ ಕಂಡರೆ ಕೊರತೆಯ ಪತ್ರ ಕೊಡುತ್ತಾರೆ, ಅದನ್ನು ತುಂಬಲು ತರಬೇತಿ ಮುಗಿಸಬೇಕು ಇಲ್ಲವೇ ಪರೀಕ್ಷೆ ಬರೆಯಬೇಕು. ಅಂದರೆ ಬ್ಲೂ ಕಾರ್ಡ್ ಸಂಗಾತಿಗೆ ಮೊದಲ ದಿನದಿಂದಲೇ ದುಡಿಯುವ ಹಕ್ಕಿದೆ, ಆದರೆ ನರ್ಸ್ ಆಗಿ ದುಡಿಯಲು ಭಾಷೆ ಕಲಿಯುವ ಕಾಲವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಆಸ್ಟ್ರೇಲಿಯಾದಲ್ಲಿ ಇಲ್ಲೊಂದು ಗೊಂದಲವಿದೆ: ನರ್ಸ್ ಆಗಿ ಕೆಲಸ ಮಾಡಲು ಆರೋಗ್ಯ ವೃತ್ತಿಗಳ ನಿಯಂತ್ರಣ ಸಂಸ್ಥೆ ಅಹ್‌ಪ್ರಾದ ನೋಂದಣಿ, ವಲಸೆಯ ಅರ್ಜಿಗೆ ನರ್ಸಿಂಗ್ ಮಾನ್ಯತಾ ಮಂಡಳಿ ಆನ್‌ಮ್ಯಾಕ್‌ನ ಸ್ಕಿಲ್ ಅಸೆಸ್‌ಮೆಂಟ್ (ಕೌಶಲ್ಯದ ಮೌಲ್ಯಮಾಪನ). ಎರಡೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ.

ಮುಖ್ಯ ಅರ್ಜಿದಾರರು ಯಾರಾಗಬೇಕು ಎಂಬ ಪ್ರಶ್ನೆಗೆ ಜನ ಕೊಡುವ ಗಮನ ಸಾಲದು. ಹೆಚ್ಚು ಸಂಬಳದವರು ಎಂದು ತಾವಾಗಿಯೇ ನಿರ್ಧರಿಸಿಬಿಡುತ್ತಾರೆ. ಎರಡು ಸಲ ಲೆಕ್ಕ ಹಾಕಿ, ಒಮ್ಮೆ ಇವರನ್ನು ಮುಂದಿಟ್ಟು, ಒಮ್ಮೆ ಅವರನ್ನು. ಬ್ರಿಟನ್ನಿನ ವೀಸಾಕ್ಕೆ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಸರ್ಚಾರ್ಜ್ ಮುಂಗಡವಾಗಿ ಕಟ್ಟಬೇಕು. ಇಬ್ಬರಿಗೆ 5 ವರ್ಷಕ್ಕೆ 10,350 ಪೌಂಡ್. ಆದರೆ ನರ್ಸ್ ಮುಖ್ಯ ಅರ್ಜಿದಾರರಾಗಿ ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಹೋದರೆ ಇಬ್ಬರಿಗೂ ಅದು ಮಾಫಿ. ಅದೇ ದಂಪತಿ, ಅದೇ ದೇಶ, ಅರ್ಜಿಯ ಮೇಲಿನ ಹೆಸರು ಮಾತ್ರ ಅದಲುಬದಲು.

ವಯಸ್ಸು, ಓದು, ಭಾಷೆಗೆ ಅಂಕ ಕೊಟ್ಟು ವಲಸಿಗರನ್ನು ಆರಿಸುವ ಪದ್ಧತಿಯಲ್ಲೂ ಇದೇ ಆಟ. ಕಾಯಂ ವಾಸಕ್ಕೆ ಅರ್ಜಿ ಹಾಕುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಸಂಗಾತಿ ಜೊತೆಗಿದ್ದರೆ ಮುಖ್ಯ ಅರ್ಜಿದಾರರ ವಯಸ್ಸಿಗೆ ಗರಿಷ್ಠ 100 ಅಂಕ. 30 ತುಂಬಿದ ದಿನದಿಂದ ಪ್ರತಿ ಹುಟ್ಟುಹಬ್ಬಕ್ಕೆ 5 ಕಡಿಮೆಯಾಗುತ್ತದೆ, 40 ದಾಟಿದ ಮೇಲೆ 10. ಸಂಗಾತಿಯ ಓದು, ಭಾಷೆ, ಕೆನಡಾದ ಅನುಭವದಿಂದ ಬರುವುದು ಹೆಚ್ಚೆಂದರೆ 40. ಹಾಗಾಗಿ ಕಿರಿಯರು ಮುಂದೆ ನಿಂತರೆ ಎಷ್ಟೋ ಸಲ ಮೊತ್ತ ಏರುತ್ತದೆ. ಆಸ್ಟ್ರೇಲಿಯಾದಲ್ಲಿ ಸಂಗಾತಿ 45ರ ಒಳಗಿದ್ದು, ಅವರದೂ ಸ್ಕಿಲ್ ಅಸೆಸ್‌ಮೆಂಟ್ ಆಗಿ, ಇಂಗ್ಲಿಷ್ ಪರೀಕ್ಷೆ ಪಾಸಾಗಿದ್ದರೆ 10 ಅಂಕ, ಇಂಗ್ಲಿಷ್ ಮಾತ್ರವಾದರೆ 5. ಆ ಹೆಚ್ಚಿನ 5 ಅಂಕಕ್ಕೆ ಎರಡನೆಯ ಅಸೆಸ್‌ಮೆಂಟಿನ ಖರ್ಚು ಹಾಕಬೇಕೇ ಎಂದು ಯೋಚಿಸಿದರೆ, ನಮ್ಮ ಅಭಿಪ್ರಾಯದಲ್ಲಿ ಹಾಕಲೇಬೇಕು. ಅಲ್ಲಿನ 491 ಎಂಬ ಪ್ರಾದೇಶಿಕ ತಾತ್ಕಾಲಿಕ ವೀಸಾ ನೋಡುತ್ತಿದ್ದರೆ ಇನ್ನೂ ಒಂದು ಎಚ್ಚರ. ಅದರಲ್ಲಿ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ನಿಗದಿತ ಪ್ರದೇಶದಲ್ಲೇ ವಾಸ, ಅಲ್ಲೇ ಕೆಲಸ. ಷರತ್ತು ಇಬ್ಬರಿಗೂ ಅನ್ವಯ. ನರ್ಸಿಗೆ ಸಣ್ಣ ಊರಿನ ಆಸ್ಪತ್ರೆ ಸಿಗುತ್ತದೆ, ಇನ್ನೊಬ್ಬರ ವೃತ್ತಿಗೆ ಅಲ್ಲಿ ಕೆಲಸ ಇದೆಯೇ ಎಂದು ಆ ಊರಿನ ಹೆಸರು ಹಾಕಿಯೇ ಹುಡುಕಿ ನೋಡಬೇಕು.

ಸಂಬಳದ ಹೋಲಿಕೆಯನ್ನು ಕೈಗೆ ಬರುವ ಹಣದಲ್ಲೇ ಮಾಡಿ. ಜರ್ಮನಿಯಲ್ಲಿ ದಂಪತಿಗೆ ತೆರಿಗೆ ವರ್ಗ 3 ಮತ್ತು 5, ಇಲ್ಲವೇ 4 ಮತ್ತು 4 ಎಂಬ ಆಯ್ಕೆ ಇದೆ. 3-5 ಆರಿಸಿದರೆ ಹೆಚ್ಚು ಸಂಬಳದವರ ಕೈಗೆ ಹೆಚ್ಚು ಬರುತ್ತದೆ, 5ರಲ್ಲಿರುವವರ ಸಂಬಳದ ಚೀಟಿ ನೋಡಿದರೆ ಗಾಬರಿಯಾಗುವಷ್ಟು ಕಡಿತ. ವರ್ಷದ ಜಂಟಿ ಲೆಕ್ಕದಲ್ಲಿ ಒಟ್ಟು ತೆರಿಗೆ ಒಂದೇ. ಆದರೆ ನಿರುದ್ಯೋಗ ಭತ್ಯೆಯನ್ನೂ ಮಗುವಾದಾಗ ಸಿಗುವ ಪೋಷಕರ ಭತ್ಯೆಯನ್ನೂ ಕೈಗೆ ಬರುವ ಸಂಬಳದ ಆಧಾರದ ಮೇಲೆ ಲೆಕ್ಕ ಹಾಕುವುದರಿಂದ 5ರಲ್ಲಿದ್ದವರಿಗೆ ಪೆಟ್ಟು ಬೀಳುತ್ತದೆ. ಎಲ್ಲ ದೇಶಕ್ಕೂ ನಾವು ಹಾಕಿಕೊಂಡ ಪರೀಕ್ಷೆ ಒಂದೇ: ಮೊದಲ 9 ತಿಂಗಳು ಒಂದೇ ಸಂಬಳದಲ್ಲಿ ಬಾಡಿಗೆ, ಮನೆ ಡಿಪಾಸಿಟ್, ವಿಮೆ ಎಲ್ಲ ಸಾಗುತ್ತದೆಯೇ? ಇಲ್ಲವಾದರೆ ಆ ಊರು ಬೇಡ.

ಕೆಲಸ ಹೋದರೆ ಬೇರೆ ಕೆಲಸ ಹುಡುಕಿಕೊಂಡು ಅಲ್ಲೇ ಉಳಿಯಲು ಎಷ್ಟು ದಿನ ಬಿಡುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಅಮೆರಿಕದ ಎಚ್-1ಬಿಯಲ್ಲಿ 60 ದಿನದ ತನಕ, ಬ್ರಿಟನ್ನಿನಲ್ಲೂ ಸಾಮಾನ್ಯವಾಗಿ 60, ಆಸ್ಟ್ರೇಲಿಯಾದ ಉದ್ಯೋಗದಾತರ ವೀಸಾದಲ್ಲಿ 2024ರ ಜುಲೈಯಿಂದ ಒಂದು ಸಲಕ್ಕೆ 180 ದಿನ. ಈ ಗಡುವು ಇಬ್ಬರನ್ನೂ ಕಟ್ಟಿಹಾಕುತ್ತದೆ, ಎರಡನೆಯವರ ಕೆಲಸ ಚೆನ್ನಾಗಿ ನಡೆಯುತ್ತಿದ್ದರೂ. ಮೊದಲೇ ಕಾಯಂ ವಾಸದ ಹಕ್ಕಿನೊಂದಿಗೆ ಹೋಗುವ ದಾರಿ ನಿಧಾನವಾದರೂ ಈ ಭಯ ಅದರಲ್ಲಿಲ್ಲ. ನಮ್ಮ ಹಾಳೆಯಲ್ಲಿ ಆಸ್ಟ್ರೇಲಿಯಾ ಮೇಲೆ ಬಂದದ್ದು ಇದೇ ಕಾರಣಕ್ಕೆ, ನರ್ಸ್ ಮುಖ್ಯ ಅರ್ಜಿದಾರರಾಗಿ.

ಕಾಗದಪತ್ರ ಕೆಡುವುದು ಹೆಚ್ಚಾಗಿ ಎರಡು ಕಡೆ. ಅನುಭವದ ಪತ್ರದಲ್ಲಿ ಹುದ್ದೆ, ತಾರೀಖು ಮಾತ್ರ ಇದ್ದರೆ ತಿರಸ್ಕಾರ ಖಚಿತವೆಂದೇ ಇಟ್ಟುಕೊಳ್ಳಿ. ವಾರದ ಗಂಟೆ, ಸಂಬಳ, ಮಾಡಿದ ಕೆಲಸಗಳ ವಿವರ, ಸಹಿ ಹಾಕಿದವರ ಹುದ್ದೆ ಇರಬೇಕು. ಇನ್ನೊಂದು, ಮದುವೆಯ ನಂತರ ಹೆಸರು ಬದಲಾದವರ ಪದವಿ ಪತ್ರಕ್ಕೂ ಪಾಸ್‌ಪೋರ್ಟಿಗೂ ಹೊಂದಿಕೆಯಾಗದಿರುವುದು. ಪಾಸ್‌ಪೋರ್ಟನ್ನು ಮೊದಲು ಸರಿಮಾಡಿಸಿ, ಆಮೇಲೆ ಉಳಿದದ್ದು. ಪದವಿಯ ಮೌಲ್ಯಮಾಪನ ಮುಂಚೆ ಮಾಡಿಸಬಹುದು, ಕೆನಡಾಕ್ಕಾದರೆ ಅದು 5 ವರ್ಷ ನಡೆಯುತ್ತದೆ. ಅಲ್ಲಿಗೆ ಭಾಷಾ ಪರೀಕ್ಷೆಯ ಅಂಕಕ್ಕೆ 2 ವರ್ಷದ ಆಯುಸ್ಸು, ಹಾಗಾಗಿ ಇಬ್ಬರೂ ಒಂದೇ ತಿಂಗಳಲ್ಲಿ ಬರೆಯುವುದು ಒಳ್ಳೆಯದು. ಪೊಲೀಸ್ ಪ್ರಮಾಣಪತ್ರವನ್ನು ಎಲ್ಲಕ್ಕಿಂತ ಕೊನೆಗೆ ತೆಗೆಸಿ.