ಫಲೂಜಾದ ಮರೀನ್‌ಗಳ ಅನುಭವ ಓದುವುದು ಹೇಗೆ

ಇರಾಕ್‌ನ ಫಲೂಜಾದಲ್ಲಿ ದಂಗೆಕೋರರ ವಿರುದ್ಧ ಮನೆಮನೆ ಹೊಕ್ಕು ಹೋರಾಡಿದ ಅಮೆರಿಕದ ಮರೀನ್‌ಗಳು (ಹಡಗಿನಿಂದಿಳಿದು ನೆಲದ ಮೇಲೂ ಹೋರಾಡುವ ಪಡೆಯವರು) ಆ ಬಗ್ಗೆ ಸಿಕ್ಕಾಪಟ್ಟೆ ಹೇಳಿಕೊಂಡಿದ್ದಾರೆ. ಸಂದರ್ಶನ, ಡೈರಿ, ಪಾಡ್‌ಕಾಸ್ಟ್ ಎಲ್ಲಾ ಇದೆ. ಸುಮ್ನೆ ಒಂದರ ಹಿಂದೆ ಒಂದು ಕೇಳುತ್ತಾ ಹೋದರೆ ನಾಲ್ಕನೆಯದರ ಹೊತ್ತಿಗೆ ಯಾರು ಯಾವ ಬೀದಿಯಲ್ಲಿದ್ದರು ಅನ್ನೋದೇ ಮರೆತುಹೋಗುತ್ತದೆ.

ಮೊದಲು ತಿಂಗಳು ನೋಡಿ. 2004ರಲ್ಲಿ ಅಲ್ಲಿ ಎರಡು ಕಾಳಗ ನಡೆದವು. ಮಾರ್ಚ್ 31ರಂದು ಬ್ಲ್ಯಾಕ್‌ವಾಟರ್ ಎಂಬ ಅಮೆರಿಕದ ಖಾಸಗಿ ಭದ್ರತಾ ಕಂಪನಿಯ ನಾಲ್ವರನ್ನು ಕೊಂದ ಮೇಲೆ, ಏಪ್ರಿಲ್‌ನಲ್ಲಿ ಮರೀನ್‌ಗಳು ಊರೊಳಗೆ ನುಗ್ಗಿದರು. ಅರ್ಧಕ್ಕೇ ನಿಲ್ಲಿಸಿ ಅಂತ ಮೇಲಿಂದ ಆದೇಶ ಬಂತು. ಏಪ್ರಿಲ್ ಬಗ್ಗೆ ಮಾತಾಡುವವರಲ್ಲಿ ಆ ಸಿಟ್ಟು ಇವತ್ತಿಗೂ ಕಾಣುತ್ತದೆ. ಎರಡನೆಯದು ನವೆಂಬರ್ 7ಕ್ಕೆ ಶುರುವಾಗಿ ಡಿಸೆಂಬರ್ 23ರವರೆಗೆ ನಡೆಯಿತು. ಆ ಹೊತ್ತಿಗೆ ಹೆಚ್ಚಿನ ಜನ ಊರು ಬಿಟ್ಟಿದ್ದರು. ಹಾಗಾಗಿ ನವೆಂಬರ್‌ನ ಕಥೆಗಳಲ್ಲಿ ಖಾಲಿ ಬೀದಿ, ಬೀದಿನಾಯಿ, ಮುಚ್ಚಿದ ಗೇಟುಗಳೇ ಜಾಸ್ತಿ.

ಆಮೇಲೆ ಉಪಗ್ರಹ ನಕ್ಷೆ ತೆರೆದಿಟ್ಟುಕೊಳ್ಳಿ. ಪಶ್ಚಿಮಕ್ಕೆ ಯೂಫ್ರೆಟಿಸ್ ನದಿ. ಊರನ್ನು ಅಡ್ಡಡ್ಡ ಸೀಳುವ ಹೈವೇ 10, ಅದನ್ನೇ ಅವರು ‘ಫೇಸ್ ಲೈನ್ ಫ್ರ್ಯಾನ್’ (ಪಡೆ ಎಲ್ಲಿಯವರೆಗೆ ಬಂತು ಅಂತ ಗುರುತಿಸುವ ಗೆರೆ) ಅನ್ನುತ್ತಾರೆ. ಉತ್ತರದ ರೈಲು ಹಳಿ ದಾಟಿ ಎಲ್ಲರೂ ದಕ್ಷಿಣಕ್ಕೆ ಇಳಿದರು. ‘3/1’ ಅಂದರೆ ಒಂದನೇ ಮರೀನ್ ರೆಜಿಮೆಂಟಿನ ಮೂರನೇ ಬೆಟಾಲಿಯನ್. 3/1 ಮತ್ತು 3/5 ಪಶ್ಚಿಮ ಭಾಗದಲ್ಲಿದ್ದವು, ಅದರಲ್ಲೇ ಜೋಲಾನ್ ಬಡಾವಣೆಯ ಇಕ್ಕಟ್ಟು ಗಲ್ಲಿಗಳು ಬರುತ್ತವೆ. 1/8 ಮತ್ತು 1/3 ಪೂರ್ವದಲ್ಲಿ. ಇಷ್ಟು ಗೊತ್ತಿದ್ದರೆ ಸಾಕು, ಹೇಳುವವನನ್ನು ನಕ್ಷೆಯ ಮೇಲೆ ನಿಲ್ಲಿಸಬಹುದು.

ಮುಖ್ಯವಾದದ್ದು ಮುಂದಿದೆ. ಒಂದು ಸ್ಕ್ವಾಡ್ ಅಂದರೆ 13 ಜನ. ಅವರಲ್ಲಿ ಒಬ್ಬ ರೈಫಲ್‌ಮನ್‌ಗೆ ಯುದ್ಧ ಅಂದರೆ ಒಂದು ಕಾಂಪೌಂಡ್ ಗೋಡೆ, ಕಬ್ಬಿಣದ ಗೇಟು, ಬಾಗಿಲು, ಅದರಾಚೆಯ ಕತ್ತಲೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಹೆಜ್ಜೆ ಇಟ್ಟ ಕೂಡಲೇ ಏನೂ ಕಾಣದು, ಸಾಲದ್ದಕ್ಕೆ ಧೂಳು, ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಯಾರು ಕಾದಿದ್ದಾರೋ ಗೊತ್ತಿಲ್ಲ. ಇಂಥ ವಿವರವನ್ನು ನಂಬಿ. ಅದೇ ಮನುಷ್ಯ ‘ಊರಲ್ಲಿ ಇಷ್ಟು ಸಾವಿರ ಶತ್ರುಗಳಿದ್ದರು’ ಅಂದರೆ ನಂಬುವ ಮುಂಚೆ ನಿಲ್ಲಿ, ಅದು ಅವನು ಕಂಡದ್ದಲ್ಲ, ಕೇಳಿದ್ದು. ‘ನಾನು’ ಅಂತ ಹೇಳುತ್ತಿದ್ದವನು ‘ನಾವು’ ಅಂತ ಶುರು ಮಾಡಿದ ಜಾಗದಲ್ಲೂ ಕಿವಿ ನೆಟ್ಟಗಾಗಲಿ.

ಅಭ್ಯಾಸಕ್ಕೆ ನವೆಂಬರ್ 13 ತೆಗೆದುಕೊಳ್ಳಿ. ಆ ದಿನ 3/1ರ ಕೆಲವರು ಒಂದು ಮನೆಯೊಳಗೆ ಸಿಕ್ಕಿಬಿದ್ದರು, ಮೇಲಿನಿಂದ ಗುಂಡು ಸುರಿಯುತ್ತಿತ್ತು. ಅವರನ್ನು ಬಿಡಿಸಲು ಒಳಗೆ ಹೋದ ಬ್ರ್ಯಾಡ್ಲಿ ಕಸಾಲ್‌ಗೆ ಆಮೇಲೆ ನೇವಿ ಕ್ರಾಸ್ ಎಂಬ ಶೌರ್ಯ ಪದಕ ಬಂತು. ರಕ್ತದಲ್ಲಿ ತೊಯ್ದು, ಪಿಸ್ತೂಲು ಕೈಬಿಡದೆ, ಇಬ್ಬರ ಹೆಗಲ ಆಸರೆಯಲ್ಲಿ ಹೊರಬರುವ ಅವರ ಫೋಟೊ ಬಹಳ ಜನ ನೋಡಿರುತ್ತಾರೆ. ಅದೇ ದಿನ, ಅದೇ ಬೆಟಾಲಿಯನ್ ಜೊತೆಗಿದ್ದ ಪತ್ರಕರ್ತ ಕೆವಿನ್ ಸೈಟ್ಸ್, ಮಸೀದಿಯಲ್ಲಿ ಗಾಯಗೊಂಡು ಬಿದ್ದಿದ್ದ, ಕೈಯಲ್ಲಿ ಆಯುಧ ಕಾಣದ ಒಬ್ಬನಿಗೆ ಮರೀನ್ ಒಬ್ಬ ಗುಂಡು ಹೊಡೆದದ್ದನ್ನು ಚಿತ್ರೀಕರಿಸಿದರು. ತನಿಖೆ ಆಯಿತು, 2005ರಲ್ಲಿ ಆರೋಪ ಹೊರಿಸುವುದಿಲ್ಲ ಎಂದು ತೀರ್ಮಾನಿಸಿದರು. ಒಂದನ್ನು ಓದಿ ಇನ್ನೊಂದನ್ನು ಬಿಡಬೇಡಿ. ಬಹಳಷ್ಟು ಜನ ಮಾಡುವುದು ಅದನ್ನೇ, ಅಲ್ವಾ?

ಎರಡು ದಿನ ಬಿಟ್ಟು, ನವೆಂಬರ್ 15ಕ್ಕೆ, 1/3ರ ರಫೇಲ್ ಪೆರಾಲ್ಟಾ ಒಂದು ಮನೆಯಲ್ಲಿ ಗುಂಡು ತಗಲಿ ಬಿದ್ದರು. ಉರುಳಿಬಂದ ಗ್ರೆನೇಡನ್ನು ತನ್ನ ಮೈಗೆ ಎಳೆದುಕೊಂಡು ನಮ್ಮನ್ನು ಉಳಿಸಿದರು ಅಂತ ಜೊತೆಗಿದ್ದವರು ಹೇಳಿದರು. ತಲೆಗೆ ಬಿದ್ದ ಏಟಿನ ಮೇಲೆ ಅದು ಸಾಧ್ಯವಿತ್ತಾ ಅನ್ನುವ ಅನುಮಾನದಿಂದ 2008ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಅಲ್ಲಿನ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಕೊಡಲಿಲ್ಲ, ಅದಕ್ಕಿಂತ ಕೆಳಗಿನ ನೇವಿ ಕ್ರಾಸ್ ಕೊಟ್ಟರು. 2014ರಲ್ಲಿ ಅವರ ಜೊತೆಯವರೇ ಇಬ್ಬರು, ಆ ಕಥೆ ಆಮೇಲೆ ಕಟ್ಟಿದ್ದು ಅಂದರು. ಉಳಿದವರು ತಾವು ಕಂಡದ್ದೇ ನಿಜ ಅಂತ ಪಟ್ಟು ಹಿಡಿದರು. ಇಲ್ಲಿ ಯಾರು ಸುಳ್ಳು ಅಂತ ತೀರ್ಪು ಕೊಡುವ ಅವಸರ ಬೇಡ. ಯಾರು ಎಲ್ಲಿ ನಿಂತಿದ್ದರು, ಹೇಳಿಕೆ ಕೊಟ್ಟದ್ದು ಯಾವಾಗ ಅನ್ನೋದನ್ನು ಮಾತ್ರ ಬರೆದಿಟ್ಟುಕೊಳ್ಳಿ.

ಈ ‘ಯಾವಾಗ’ ದೊಡ್ಡ ವ್ಯತ್ಯಾಸ ಮಾಡುತ್ತದೆ. 2008ರ ನವೆಂಬರ್‌ನಲ್ಲಿ ಮುಂಬೈ ತಾಜ್ ಹೋಟೆಲಿಗೆ ನುಗ್ಗಿದ ನಮ್ಮ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು, ದಾಳಿ ಪೂರ್ತಿ ಮುಗಿಯುವ ಮೊದಲೇ ಮುಖ ಮುಚ್ಚಿಕೊಂಡು ಪತ್ರಕರ್ತರ ಮುಂದೆ ಮಾತಾಡಿದರು. ಆ ಮಾತಿನಲ್ಲಿ ಕೋಣೆ, ಕತ್ತಲೆ, ಸಿಕ್ಕ ಬ್ಯಾಗು, ಇಂಥವೇ ಹೆಚ್ಚು. ಹತ್ತು ವರ್ಷ ಬಿಟ್ಟು ಹೇಳುವವನ ಮಾತಿಗೆ ಪಾಪಪ್ರಜ್ಞೆ, ಸತ್ತ ಗೆಳೆಯರು, ಬೇರೆಯವರಿಂದ ಕೇಳಿದ್ದು ಎಲ್ಲಾ ಸೇರಿಕೊಂಡಿರುತ್ತದೆ. ಎರಡೂ ಬೇಕು, ಆದರೆ ಒಂದೇ ಅಳತೆಯಲ್ಲಿ ತೂಗಬೇಡಿ.

ಇನ್ನು ಅವರು ಹೇಳದೇ ಬಿಡುವ ಸಂಗತಿಗಳು. ಗಾಳಿ ತಗಲಿದರೆ ಹೊತ್ತಿ ಉರಿಯುವ ಬಿಳಿ ರಂಜಕವನ್ನು ಫಲೂಜಾದಲ್ಲಿ ಆಯುಧವಾಗಿ ಬಳಸಿದ್ದನ್ನು ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಒಪ್ಪಿಕೊಂಡದ್ದು 2005ರ ನವೆಂಬರ್‌ನಲ್ಲಿ, ಅದಕ್ಕೆ ಮುಂಚೆ ಅಮೆರಿಕದ ಅಧಿಕಾರಿಗಳೇ ಇಲ್ಲ ಅಂದಿದ್ದರು. ಊರಿನವರು ವಾಪಸ್ ಬಂದಾಗ ಮನೆ ಹೇಗಿತ್ತು ಅನ್ನೋದು ಮರೀನ್‌ಗಳ ಕಥೆಯಲ್ಲಿ ಇರುವುದೇ ಅಪರೂಪ, ಏಕೆಂದರೆ ಅಷ್ಟರಲ್ಲಿ ಅವರಲ್ಲಿ ಎಷ್ಟೋ ಜನ ಮನೆಗೆ ಹೊರಟಿದ್ದರು. ಅದಕ್ಕೆ ಇರಾಕಿಗಳು ಹೇಳಿದ್ದನ್ನೇ ಹುಡುಕಬೇಕು.

ಎಲ್ಲಿಂದ ಶುರು ಮಾಡೋದು? ಲೈಬ್ರರಿ ಆಫ್ ಕಾಂಗ್ರೆಸ್‌ನ ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್‌ನಲ್ಲಿ ಇರಾಕ್‌ಗೆ ಹೋಗಿದ್ದವರ ಸಂದರ್ಶನಗಳು ಪುಕ್ಕಟೆ ಸಿಗುತ್ತವೆ. ಹಿನ್ನೆಲೆ ಸಂಗೀತ ಹಾಕಿ ಕತ್ತರಿಸಿದ ವಿಡಿಯೊಗಿಂತ ಅವೇ ವಾಸಿ. ನನ್ನನ್ನು ಕೇಳಿದರೆ ಕಾರ್ಪ್ಸ್‌ಮನ್‌ಗಳನ್ನು, ಅಂದರೆ ಮರೀನ್‌ಗಳ ಜೊತೆ ಹೋಗುವ ನೌಕಾಪಡೆಯ ವೈದ್ಯಕೀಯ ಸಿಬ್ಬಂದಿಯನ್ನು, ಮೊದಲು ಕೇಳಿ. ಯಾರಿಗೆ, ಎಲ್ಲಿ, ಎಂಥ ಗಾಯ ಆಯಿತು ಅನ್ನೋದನ್ನು ಗಮನಿಸುವುದೇ ಅವರ ಕೆಲಸವಾಗಿತ್ತು.