ಗ್ರಿಡ್ ಬಗ್ಗಿಸಿದೆ, ದಾದ್ರಾ ಮೇಲೆ ಡ್ರಮ್ ಕೂತಿತು

ದಾದ್ರಾ ತಾಳದ ಹಳೇ ರೆಕಾರ್ಡ್ ಮೇಲೆ ಬೂಮ್‌ಬ್ಯಾಪ್ ಡ್ರಮ್, ಅಂದರೆ ಹಳೇ ಹಿಪ್‌ಹಾಪ್‌ನ ಧಮ್-ಚಟ್ ಬಡಿತ, ಕೂರುವುದಿಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮುಂಬೈನ ಅಂಧೇರಿಯಲ್ಲಿ ಮಿಕ್ಸಿಂಗ್ ಮಾಡುವ ಗೆಳೆಯನೊಬ್ಬ ಕೇಳಿ ನಕ್ಕುಬಿಟ್ಟ. ನಮ್ಮ ಡೊಂಬಿವಲಿಯ ರ‍್ಯಾಪ್ ಹುಡುಗರು ಮರ್ಯಾದೆಗೆ "ಚೆನ್ನಾಗಿದೆ ಅಕ್ಕಾ" ಅಂದು ಬೇರೆಯವರ ಬೀಟ್ (ಹಾಡಲು ತಯಾರಾದ ಸಂಗೀತ) ತಗೊಂಡು ಹೋದರು. ಅದೇ ಹುಡುಗರು ಮೊನ್ನೆ ಅದೇ ಸ್ಯಾಂಪಲ್‌ನ (ರೆಕಾರ್ಡ್‌ನಿಂದ ಎತ್ತಿದ ತುಣುಕಿನ) ಬೀಟ್‌ಗೆ ಹನ್ನೆರಡು ಸಾವಿರ ಕೊಟ್ಟರು. ಚೌಕಾಸಿ ಇಲ್ಲದೆ! ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಚಾಪ್ ಅಂದರೆ ತುಂಡರಿಸುವುದು, ಸ್ವಿಂಗ್ ಅಂದರೆ ಜೋಡಿಯಲ್ಲಿ ಎರಡನೇ ಪೆಟ್ಟು ತಡ ಮಾಡುವುದು, ಫಿಲ್ಟರ್ ಅಂದರೆ ಸದ್ದಿನ ಒಂದು ಭಾಗ ಸೋಸುವುದು, ಇದಕ್ಕಿಂತ ಹೆಚ್ಚಿನ ಪಾಠ ಬಿಡೋಣ.

ರೆಕಾರ್ಡ್ ಸಿಕ್ಕಿದ್ದು ಚೋರ್ ಬಜಾರ್‌ನ ಮಟನ್ ಸ್ಟ್ರೀಟ್‌ನಲ್ಲಿ. ಅಲ್ಲಿ ಚೊಕ್ಕಟವಾಗಿರುವುದಕ್ಕೆ ಮುನ್ನೂರು ನಾನೂರು ಹೇಳುತ್ತಾರೆ, ಗೀರು ಬಿದ್ದದ್ದು ನೂರಕ್ಕೂ ಬರುತ್ತದೆ. ನಮಗೆ ಬೇಕಾದ್ದು ಹತ್ತು ಸೆಕೆಂಡ್, ಗೀರಿದ್ದರೇನು? ಇದು ಸಾರಂಗಿಯಲ್ಲಿ ನುಡಿಸಿದ ಒಂದು ಜಾನಪದ ಧುನ್, ಜೊತೆಗೆ ತಬಲಾ ಅಷ್ಟೇ. ಹಾಡಿನ ರೆಕಾರ್ಡ್ ನಾನು ಮುಟ್ಟುವುದು ಕಡಿಮೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಆದರೆ ಸಾಹಿತ್ಯ, ಸಂಗೀತ ಮಾಡಿದವರ ಹಕ್ಕು ಬೇರೆಯೇ. ಅದು ಅವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಮಾರುವ ಬೀಟ್‌ನಲ್ಲಿ ಈ ತಲೆನೋವು ಯಾಕೆ ಬೇಕು?

ಸ್ಯಾಂಪಲ್ ಅಳೆದು ನೋಡಿದೆ. ಆರು ಮಾತ್ರೆಯ (ಎಣಿಕೆಯ) ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಸುಮಾರು 1.3 ಸೆಕೆಂಡ್. ಆದರೆ ಮೊದಲ ಆವರ್ತಕ್ಕೂ ಎಂಟನೆಯದಕ್ಕೂ ಅಜಗಜಾಂತರ. ತಬಲಜಿ ಹೋಗ್ತಾ ಹೋಗ್ತಾ ಲಯ ಏರಿಸಿದ್ದಾರೆ. ಮೊದಲು ನನ್ನ ಪ್ಲೇಯರ್ ಮೇಲೇ ಅನುಮಾನ ಬಂತು. ಸುಮಾರು ಐನೂರು ಕೊಟ್ಟು ಹೊಸ ಬೆಲ್ಟ್ ಹಾಕಿಸಿದೆ. ಆ ಖರ್ಚೂ ಬೇಕಿರಲಿಲ್ಲ. ವೇಗದ ಜೊತೆಗೆ ಶ್ರುತಿಯೂ ಏರಿದರೆ ಪ್ಲೇಯರ್ ಹಾಳಾಗಿದೆ ಅಂತ ಅರ್ಥ. ಶ್ರುತಿ ಅಲ್ಲೇ ನಿಂತು ಲಯ ಮಾತ್ರ ಓಡಿದರೆ ಅದು ನುಡಿಸುವವರ ಕೈ.

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ವಾರ್ಪ್ (ಸದ್ದನ್ನು ಎಳೆದು ಕುಗ್ಗಿಸುವ ಸೌಲಭ್ಯ) ಹಾಕಿ ಪ್ರತಿ ಪೆಟ್ಟನ್ನೂ 92 ಬಿಪಿಎಂ (ನಿಮಿಷಕ್ಕೆ 92 ಬಡಿತ) ಗ್ರಿಡ್‌ಗೆ, ಅಂದರೆ ಸಮ ಅಂತರದ ಗೆರೆಗಳಿಗೆ, ಎಳೆದೆ. ಡ್ರಮ್ ಕೂತಿತು ನಿಜ, ಸಾರಂಗಿ ಸತ್ತಿತು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಇರುವ ಕಡೆಯೆಲ್ಲ ನೀರಿನೊಳಗಿಂದ ಕೇಳಿದ ಹಾಗೆ ಗಳಗಳ ಅನ್ನುತ್ತಿತ್ತು. ತಬಲಾದ ಕೆಲವು ಪೆಟ್ಟು ಎರಡೆರಡು ಸಲ ಕೇಳಿಸಿತು. ಅಲ್ಗಾರಿದಮ್ ಬದಲಿಸಿ ನೋಡಿದೆ, ಚಿಕ್ಕ ಚಿಕ್ಕ ತುಂಡು ಮಾಡಿ ನೋಡಿದೆ. ಉಪಯೋಗವಿಲ್ಲ. ಇದರ ನಡುವೆ ಒಂದು ಆನ್‌ಲೈನ್ ಕೋರ್ಸ್‌ಗೆ ಹತ್ತಿರ ಹತ್ತಿರ ಹದಿನೆಂಟು ಸಾವಿರ ಕಟ್ಟಿದೆ. ಅಲ್ಲಿನ ಗುರುಗಳು ಕೊಟ್ಟ ಉತ್ತರ ಏನು ಗೊತ್ತಾ? "ಬೇರೆ ಸ್ಯಾಂಪಲ್ ತಗೊಳ್ಳಿ." ಆ ದುಡ್ಡಿಗೆ ಐವತ್ತು ರೆಕಾರ್ಡ್ ಬರುತ್ತಿತ್ತು.

ದಾರಿ ಸಿಕ್ಕಿದ್ದು ತಾಳದ ಲೆಕ್ಕದಿಂದಲೇ. ದಾದ್ರಾದ ಆರು ಮಾತ್ರೆಯನ್ನು ಮೂರು ಮೂರಾಗಿ ನೋಡಿ. ಮೂರು ಮಾತ್ರೆಗೆ ಒಂದು ಬೀಟ್ (ಬಡಿತ). ಅಲ್ಲಿಗೆ ಎರಡು ಆವರ್ತಕ್ಕೆ ನಾಲ್ಕು ಬೀಟ್, ಅಂದರೆ ನಮ್ಮ ಒಂದು ಬಾರ್, ಸುಮಾರು 2.6 ಸೆಕೆಂಡ್. ಸಮ್, ಅಂದರೆ ಮೊದಲ ಮಾತ್ರೆ, ಅದರ ಮೇಲೆ ಕಿಕ್ (ಧಮ್ ಅನ್ನುವ ದಪ್ಪ ಡ್ರಮ್). ನಾಲ್ಕನೇ ಮಾತ್ರೆ ಖಾಲಿ, ಬಾಯಾ (ಎಡಗೈ ತಬಲಾ) ಹಗುರಾಗುವ ಜಾಗ, ಅಲ್ಲಿ ಸ್ನೇರ್ (ಚಟ್ ಅನ್ನುವ ಡ್ರಮ್). ಹಾಗೆ ಇಟ್ಟ ತಕ್ಷಣ ಕಿಕ್, ಸ್ನೇರ್, ಕಿಕ್, ಸ್ನೇರ್! ನಮ್ಮ ತಬಲಜಿ ಸ್ನೇರ್‌ಗೆ ಅಂತಲೇ ಜಾಗ ಬಿಟ್ಟು ಕೊಟ್ಟಿದ್ದಾರೆ.

ಇನ್ನು ಹೈಹ್ಯಾಟ್, ಅಂದರೆ ಡ್ರಮ್ ಸೆಟ್‌ನ ಜೋಡಿ ತಾಳ. ಎಂಟನೇ ನೋಟ್‌ಗಳ ಸ್ವಿಂಗ್ 66ಕ್ಕೆ ಇಟ್ಟರೆ ಎರಡನೇ ಹ್ಯಾಟ್ ಸರಿಯಾಗಿ ಮೂರನೇ ಮಾತ್ರೆ ಮೇಲೆ ಬೀಳುತ್ತದೆ. ಶೇಕಡಾ 50 ಅಂದರೆ ನೇರ, 66 ಅಂದರೆ ತ್ರಿಶ್ರ, ಬೀಟ್ ಮೂರು ಪಾಲು. ಡ್ರಮ್ ಯಂತ್ರಗಳ ವಿನ್ಯಾಸಕಾರ ರೋಜರ್ ಲಿನ್ 1988ರ ಅಕಾಯ್ ಎಂಪಿಸಿ 60 ಯಂತ್ರದಲ್ಲಿ ಇಟ್ಟ ಅದೇ ಲೆಕ್ಕ ನನ್ನ ಸೆಕೆಂಡ್‌ಹ್ಯಾಂಡ್ ಪ್ಯಾಡ್‌ನಲ್ಲೂ ನಡೆಯುತ್ತದೆ. 58ರಲ್ಲಿ ಇಟ್ಟು "ಯಾಕೋ ಕೂರುತ್ತಿಲ್ಲ" ಅನ್ನುವವರು ಜಾಸ್ತಿ. ಕೂರುವುದು ಹೇಗೆ? ತಬಲಾ ಒಂದು ಕಡೆ, ಹ್ಯಾಟ್ ಒಂದು ಕಡೆ.

ಲಯ ಓಡುವುದಕ್ಕೆ ಏನು ಮಾಡಿದೆ ಅಂದರೆ, ಸ್ಯಾಂಪಲ್ ಮುಟ್ಟಲೇ ಇಲ್ಲ. ಪ್ರಾಜೆಕ್ಟ್‌ನ ಟೆಂಪೋವನ್ನೇ ಬಾರ್‌ಗೊಮ್ಮೆ ಬದಲಿಸಿದೆ. ಮೊದಲ ಬಾರ್ 91, ಆಮೇಲೆ 92, 93, ಕೊನೆಗೆ 94ರ ಹತ್ತಿರ. ಪ್ರತಿ ಸಮ್‌ಗೆ ವೇವ್‌ಫಾರ್ಮ್ ದೊಡ್ಡದು ಮಾಡಿ ಗುರುತು ಹಾಕಿದೆ. ಬೇಜಾರಿನ ಕೆಲಸ, ಒಂದು ಭಾನುವಾರ ಪೂರ್ತಿ ಹೋಯಿತು. ಈಗ ಗ್ರಿಡ್ಡೇ ತಬಲಜಿಯ ಹಿಂದೆ ಹೋಗುತ್ತದೆ. ಕಿಕ್, ಸ್ನೇರ್ ಮಾತ್ರ ಕೈಯಲ್ಲೇ ನುಡಿಸಿದೆ, ಕ್ವಾಂಟೈಸ್ (ಪೆಟ್ಟನ್ನು ತಾನೇ ಗ್ರಿಡ್‌ಗೆ ಕೂರಿಸುವ ಸೌಲಭ್ಯ) ಆಫ್. ಖಾಲಿಯ ಪೆಟ್ಟು ಗ್ರಿಡ್ ಗೆರೆಗಿಂತ 15-20 ಮಿಲಿಸೆಕೆಂಡ್ ತಡವಾಗಿ ಬರುವುದು ಕಂಡಿತು. ನನ್ನ ಸ್ನೇರನ್ನೂ ಅಷ್ಟೇ ಹಿಂದಕ್ಕೆ ತಳ್ಳಿದೆ. ಕೆಲವರು ಹಿಪ್‌ಹಾಪ್ ಬೀಟ್ ಮಾಡುತ್ತಿದ್ದ ಜೇ ಡಿಲ್ಲಾ ಹೆಸರು ಹೇಳಿ ಎಲ್ಲೆಂದರಲ್ಲಿ ಸ್ನೇರ್ ತಡ ಮಾಡುತ್ತಾರೆ. ಎಷ್ಟು ತಡ ಅಂತ ಸ್ಯಾಂಪಲ್ಲೇ ಹೇಳುತ್ತಿರುವಾಗ ಸುಮ್ನೆ ಊಹೆ ಯಾಕೆ?

ಲೂಪ್ ಸುತ್ತು ಮುಗಿದಾಗ 94ರಿಂದ 91ಕ್ಕೆ ಒಂದು ಜಿಗಿತ ಕೇಳಿಸುತ್ತದೆ. ಅದನ್ನು ಹೇಗೆ ಮುಚ್ಚಿದೆ ಅಂತ ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು!

ಕಿಕ್ ಶ್ರುತಿಯ ಬಗ್ಗೆ ಮಾತ್ರ ಧಾರಾಳವಾಗಿ ಹೇಳುತ್ತೇನೆ. ದಾಯಾ (ಬಲಗೈ ತಬಲಾ) ಸಾಮಾನ್ಯವಾಗಿ ಷಡ್ಜಕ್ಕೇ ಕೂಡಿಸಿರುತ್ತಾರೆ. ಮನೆಯಲ್ಲಿ ಅಪ್ಪನ ಹಾರ್ಮೋನಿಯಂ ಇದೆ. ಸ್ಯಾಂಪಲ್ ಹಾಕಿ ಹುಡುಕಿದೆ, ಕಪ್ಪು ಒಂದು (ಮೊದಲ ಕಪ್ಪು ಮನೆ). ಕಿಕ್ಕನ್ನು ಅದೇ ಸ್ವರಕ್ಕೆ, ಸುಮಾರು 69 ಹರ್ಟ್ಜ್‌ಗೆ ತಂದೆ. ಸ್ಯಾಂಪಲ್‌ನಲ್ಲಿ 120ರ ಕೆಳಗೆ ಪೂರ್ತಿ ಕತ್ತರಿಸಿದೆ, ಇಲ್ಲದಿದ್ದರೆ ಬಾಯಾ ಮತ್ತು ಕಿಕ್ ಜಗಳಕ್ಕೆ ಬೀಳುತ್ತವೆ. ಅಪ್ಪ ಪಕ್ಕದಲ್ಲಿ ಕೂತು ಕೇಳಿ, "ತಬಲಾ ಇರೋವಾಗ ಇದೆಲ್ಲ ಯಾಕವ್ವಾ?" ಅಂದರು. ಅವರು ಧಾರವಾಡದಲ್ಲಿ ಬೆಳೆದವರು, ಅವರ ಕಿವಿಗೆ ಎದುರಾಡುವುದು ಕಷ್ಟ.

ಡ್ರಮ್‌ಗಳು ರೆಕಾರ್ಡ್‌ಗಿಂತ ಹೆಚ್ಚು ಹೊಸದಾಗಿ ಕೇಳಿಸುತ್ತಿದ್ದವು. ಅದಕ್ಕೆ ಗುಣಮಟ್ಟವನ್ನು 12 ಬಿಟ್, 26 ಕಿಲೋಹರ್ಟ್ಜ್‌ಗೆ ಇಳಿಸಿದೆ, 1987ರ ಎಸ್‌ಪಿ-1200 ಎಂಬ ಸ್ಯಾಂಪಲ್ ಯಂತ್ರದ ಲೆಕ್ಕ. ಅದರಲ್ಲಿ ಸ್ಯಾಂಪಲ್ ಮಾಡಲು ಒಟ್ಟು ಸಿಗುತ್ತಿದ್ದದ್ದೇ ಹತ್ತು ಸೆಕೆಂಡ್. ಆಗಿನವರು 33ರ (ನಿಮಿಷಕ್ಕೆ 33 ಸುತ್ತಿನ) ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಸಿಕೊಂಡು, ಒಳಗೆ ಮತ್ತೆ ಕೆಳಗಿಳಿಸುತ್ತಿದ್ದರು. ನಾನೂ ಸ್ನೇರನ್ನು ಹಾಗೇ ಐದು ಸ್ವರಸ್ಥಾನ ಏರಿಸಿ ಇಳಿಸಿದೆ. ಒಳ್ಳೆಯ ಮರಳುಮರಳು ಸದ್ದು ಬಂತು.

ಮಧ್ಯೆ ಒಂದು ಹುಚ್ಚು ಪ್ರಯೋಗವೂ ಆಯಿತು. ಇಲ್ಲಿ ನಡೆದ ಯಕ್ಷಗಾನವೊಂದಕ್ಕೆ ಫೋನ್ ತಗೊಂಡು ಹೋಗಿ ಚೆಂಡೆ ರೆಕಾರ್ಡ್ ಮಾಡಿಕೊಂಡು ಬಂದೆ, ಸ್ನೇರ್ ಬದಲು ಹಾಕೋಣ ಅಂತ. ಚೆಂಡೆ ಬಂದರೆ ಸಾರಂಗಿಗೆ ಜಾಗವೇ ಇಲ್ಲ. ಒಂದು ಪೆಟ್ಟನ್ನು ಹನ್ನೆರಡು ಸ್ವರಸ್ಥಾನ ಕೆಳಗಿಳಿಸಿದರೆ ಮಾತ್ರ ಒಳ್ಳೆಯ ಟಾಮ್ ಡ್ರಮ್ ಆಗುತ್ತದೆ, ಅದನ್ನು ಇಟ್ಟುಕೊಂಡಿದ್ದೇನೆ. ಗಣಪತಿ ವಿಸರ್ಜನೆಯ ಢೋಲ್ ತಾಷಾ ಕೂಡ ಹಿಡಿದೆ, ಪೂರ್ತಿ ಕ್ಲಿಪ್ ಆಗಿ (ಸದ್ದು ಮಿತಿಮೀರಿ ಒಡೆದು) ಹಾಳಾಯಿತು.

ಈಗ ರೂಪಕ್ ತಾಳದ ಮೇಲೆ ಕೂತಿದ್ದೇನೆ. ಏಳು ಮಾತ್ರೆ, ಸಮ್ ಮೇಲೇ ಖಾಲಿ. ಅಲ್ಲಿ ಕಿಕ್ ಇಟ್ಟರೆ ಒಡ್ಡೊಡ್ಡಾಗಿ ಕೇಳಿಸುತ್ತದೆ. ನಾಲ್ಕು ಮತ್ತು ಆರನೇ ಮಾತ್ರೆಯ 'ಧಿ' ಮೇಲೆ ಕಿಕ್ ಹಾಕಿ, ಸಮ್‌ಗೆ ಬರೀ ರಿಮ್ (ಡ್ರಮ್ ಅಂಚಿನ ಪೆಟ್ಟು) ಕೊಟ್ಟೆ. ಚೆನ್ನಾಗಿ ಬರುತ್ತಿದೆ. ರ‍್ಯಾಪ್ ಹುಡುಗ ಕೇಳಿ, "ಅಕ್ಕಾ, ಸಾಲು ಎಲ್ಲಿ ಮುಗಿಸಲಿ?" ಅಂದ. ಎಣಿಸುವುದು ಹೇಳಿಕೊಡುತ್ತೇನೆ, ಆದರೆ ಅದಕ್ಕೆ ಬೇರೆ ದುಡ್ಡು ಅಂದಿದ್ದೇನೆ.