ಹುಬ್ಬಳ್ಳಿ ಕಡೆಯಿಂದ ಸುರುಳಿ ಗ್ಯಾಲಕ್ಸಿಯ ಫೋಟೋ ತೆಗೆಯುವುದು ಹೇಗೆ?

ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯ ಫೋಟೋ ಮನೆ ಟೆಲಿಸ್ಕೋಪಿನಲ್ಲೇ ತೆಗೆಯಬಹುದು. 6 ಅಥವಾ 8 ಇಂಚಿನ ಟೆಲಿಸ್ಕೋಪ್, ಮೋಟಾರ್ ಇರುವ ಈಕ್ವಟೋರಿಯಲ್ ಮೌಂಟ್ (ಆಕಾಶ ತಿರುಗಿದಂತೆ ಟೆಲಿಸ್ಕೋಪನ್ನೂ ತಿರುಗಿಸುವ ಸ್ಟ್ಯಾಂಡ್), ಒಂದು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಸಾಕು. ನಮ್ಮ ಸೀಮೆಯಲ್ಲಿ ಇದಕ್ಕೆಲ್ಲ ಮೊದಲು ನೋಡಬೇಕಾದ್ದು ಉತ್ತರದ ಆಕಾಶ.

ಶುರುವಿಗೆ ಎಂ51 ಅನ್ನುವ ಸುರುಳಿ ಗ್ಯಾಲಕ್ಸಿ ಒಳ್ಳೆಯದು. ಸಪ್ತರ್ಷಿ ಮಂಡಲದ ಬಾಲದ ತುದಿಯ ಮರೀಚಿ ನಕ್ಷತ್ರದಿಂದ ಸುಮಾರು ಮೂರೂವರೆ ಡಿಗ್ರಿ ಆಚೆ ಇದೆ. 1845ರಲ್ಲಿ ಐರ್ಲೆಂಡಿನ ಖಗೋಳ ವಿಜ್ಞಾನಿ ಲಾರ್ಡ್ ರಾಸ್ ಇದರ ಸುರುಳಿಯನ್ನು 72 ಇಂಚಿನ ಕನ್ನಡಿಯ ಟೆಲಿಸ್ಕೋಪಿನಲ್ಲಿ ನೋಡಿ ಕೈಯಲ್ಲೇ ಚಿತ್ರ ಬರೆದ. ಇವತ್ತು ಅದೇ ಸುರುಳಿ ಹೊಲದಲ್ಲಿ ಕೂತವರ ಕ್ಯಾಮೆರಾಕ್ಕೂ ಸಿಗುತ್ತದೆ, ಎಂಥ ಖುಷಿ ಅಲ್ವಾ?

ಯುಗಾದಿ ಅಮಾವಾಸ್ಯೆಯ ಹಿಂದೆಮುಂದಿನ ರಾತ್ರಿಗಳನ್ನು ಹಿಡಿಯಿರಿ. ಹೋಳಿ ಹುಣ್ಣಿಮೆಯ ಬೆಳದಿಂಗಳಲ್ಲಿ ಸುರುಳಿಯ ತೋಳುಗಳು ಕಾಣುವುದೇ ಇಲ್ಲ. ತಡ ಮಾಡಿದರೆ ಗುಡುಗು ಮಳೆಯ ಮೋಡ ಶುರು.

ಜಾಗಕ್ಕೆ ನವಲಗುಂದದ ಕಡೆ ಹೋಗಿ, ಹುಬ್ಬಳ್ಳಿಯ ಬೆಳಕು ಬೆನ್ನ ಹಿಂದೆ ಉಳಿಯುತ್ತದೆ. ಶಿಗ್ಗಾವಿ ಕಡೆ ಹೋದರೆ ಅದೇ ಬೆಳಕು ಉತ್ತರಕ್ಕೆ ಬರುತ್ತದೆ, ನಮಗೆ ಬೇಕಾದ ದಿಕ್ಕೇ ಅದು. ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ ಬರೀ 15 ಡಿಗ್ರಿ ಎತ್ತರ, ಒಂದು ಬೇವಿನ ಗಿಡ ಅಡ್ಡ ಇದ್ದರೂ ಕಾಣಲ್ಲ, ಮೌಂಟಿನ ಅಕ್ಷವನ್ನು ಅದರತ್ತಲೇ ತಿರುಗಿಸಬೇಕು, ಅದು ಕಾಣದೆ ಹೊಂದಿಸುವುದು ಕಷ್ಟ. ಅಕ್ಷವನ್ನು ಅಷ್ಟು ತಗ್ಗಿಸಿದಾಗ ತೂಕದ ಸರಳು ಟ್ರೈಪಾಡ್ ಕಾಲಿಗೆ ಬಡಿಯುವುದುಂಟು. ಬೆಳಕಿರುವಾಗಲೇ ಒಮ್ಮೆ ತಿರುಗಿಸಿ ನೋಡಿ.

ಹೊಲದವರನ್ನು ಕೇಳಿಯೇ ಇಳಿಯಿರಿ. ಕಡಲೆ ಕಿತ್ತ ಎರೆಹೊಲ ಅಷ್ಟೊತ್ತಿಗೆ ಬಿರುಕು ಬಿಟ್ಟಿರುತ್ತದೆ. ಟ್ರೈಪಾಡಿನ ಮೂರೂ ಕಾಲಿಗೆ ಚಪ್ಪಟೆ ಕಲ್ಲು ಕೊಡಿ, ಒಂದು ಕಾಲು ಕೂದಲೆಳೆಯಷ್ಟು ಕುಸಿದರೂ ನಕ್ಷತ್ರಗಳು ಗೆರೆಗಳಾಗಿ ಬರುತ್ತವೆ.

ಫೋಕಸ್‌ಗೆ ಟೆಲಿಸ್ಕೋಪಿನ ಬಾಯಿಗೆ ಬಾಟಿನೋವ್ ಮಾಸ್ಕ್ (ಸೀಳು ಸೀಳಾದ ಮುಚ್ಚಳ) ಹಾಕಿ ಮರೀಚಿಯನ್ನು ನೋಡಿ. ಮೂರು ಗೆರೆ ಕಾಣುತ್ತವೆ, ನಡುವಿನದು ಸರಿಯಾಗಿ ಮಧ್ಯಕ್ಕೆ ಬರಬೇಕು. ಆಮೇಲೆ ಮಾಸ್ಕ್ ತೆಗೆಯಲು ಮರೆಯಬೇಡಿ.

ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್), ಐಎಸ್‌ಒ 800, 60 ಸೆಕೆಂಡಿನ 120 ಫೋಟೋ. ನಕ್ಷತ್ರ ಎಳೆದಂತೆ ಬಂದರೆ 30 ಸೆಕೆಂಡಿಗೆ ಇಳಿಸಿ, ಫೋಟೋ ಜಾಸ್ತಿ ತೆಗೆಯಿರಿ. ಒಂದೇ ಉದ್ದನೆಯ ಫೋಟೋ ತೆಗೆಯಲು ಹೋಗಬೇಡಿ, ಒಂದು ಗಾಳಿ ಬೀಸಿದರೆ ಎಲ್ಲ ಹಾಳು. 100 ಫೋಟೋ ಸರಾಸರಿ ಮಾಡಿದರೆ ನಾಯ್ಸ್ (ಕಾಳು ಕಾಳಾಗಿ ಕಾಣುವ ಕಲೆ) ಹತ್ತನೇ ಒಂದಕ್ಕೆ ಇಳಿಯುತ್ತದೆ. ಕೊನೆಗೆ ಮುಚ್ಚಳ ಹಾಕಿ ಅದೇ ಸೆಟ್ಟಿಂಗಿನಲ್ಲಿ 20 ಫೋಟೋ ತೆಗೆಯಿರಿ, ಬೇಸಿಗೆಯ ರಾತ್ರಿ ಸೆನ್ಸರ್ ಬಿಸಿಯಾಗಿ ಮೂಡಿಸುವ ಚುಕ್ಕಿಗಳನ್ನು ಕಳೆಯಲು ಇವೇ ಬೇಕು. ಬೆಳಗಾದ ಮೇಲೆ ಟೆಲಿಸ್ಕೋಪಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಫೋಕಸ್ ಮುಟ್ಟದೆ ಇನ್ನು 20. ಸೆನ್ಸರ್ ಮೇಲೆ ಕೂತ ಧೂಳು ಫೋಟೋದಲ್ಲಿ ಬೂದು ಉಂಗುರವಾಗಿ ಕಾಣುತ್ತದೆ, ಇವು ಅದನ್ನು ಅಳಿಸುತ್ತವೆ.

ಎಲ್ಲವನ್ನೂ, ಫೋಟೋಗಳನ್ನು ಜೋಡಿಸಿ ಸರಾಸರಿ ಮಾಡುವ ಸಿರಿಲ್ ಅನ್ನುವ ಉಚಿತ ಸಾಫ್ಟ್‌ವೇರಿಗೆ ಕೊಡಿ. ಮೊದಲು ಬರುವ ಚಿತ್ರ ಬರೀ ಕಪ್ಪು, ಗಾಬರಿ ಬೇಡ. ಹಿಸ್ಟೋಗ್ರಾಮನ್ನು (ಬೆಳಕು-ಕತ್ತಲೆಯ ಹಂಚಿಕೆ ತೋರಿಸುವ ಗ್ರಾಫ್) ನಿಧಾನವಾಗಿ ಎಳೆಯುತ್ತಾ ಹೋದಂತೆ ಎರಡು ತೋಳು, ಪಕ್ಕದ ಪುಟ್ಟ ಗ್ಯಾಲಕ್ಸಿ ಎನ್‌ಜಿಸಿ 5195 ಮೂಡುತ್ತವೆ. ನಡುಭಾಗ ಬೆಳ್ಳಗೆ ಸುಡುವ ಮೊದಲೇ ನಿಲ್ಲಿಸಿ. ತೋಳು ಇನ್ನೂ ಮಸುಕಾಗಿದ್ದರೆ ಮರುದಿನ ರಾತ್ರಿ ಮತ್ತಷ್ಟು ತೆಗೆದು ಇದಕ್ಕೇ ಸೇರಿಸಬಹುದು, ಕ್ಯಾಮೆರಾ ಮಾತ್ರ ಅದೇ ಕೋನದಲ್ಲಿರಲಿ.